ಹಳ್ಳಿಯೊಂದರ ಲೆಕ್ಕದ ಪುಸ್ತಕ

ಓದಿ ಪದವಿ ಪಡೆದ ಮಗ ಊರಿನಲ್ಲೇ ಉಳಿದುಬಿಟ್ಟರೆ ಅಪ್ಪ ಅಮ್ಮಂದಿರಿಗೆ ಒಳಗೊಳಗೇ ಒಂದು ಕೊರಗು ಶುರುವಾಗುತ್ತದೆ. ಮದುವೆ ಮನೆಯಲ್ಲಿ ನೆಂಟರು ‘ಹುಡುಗ ಈಗೆಲ್ಲಿದ್ದಾನೆ?’ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಈ ಕೊರಗು ಹೊಸದೂ ಅಲ್ಲ, ನಮಗಷ್ಟೇ ಸೇರಿದ್ದೂ ಅಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬೊಬ್ಬನಿದ್ದ. ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿನ ಓರಿಯಲ್ ಕಾಲೇಜಿನ ಫೆಲೋ ಆದ. 1757ರಲ್ಲಿ ಆ ಕಾಲೇಜಿನ ಮುಖ್ಯಸ್ಥನ ಸ್ಥಾನಕ್ಕೆ ನಿಂತು ಸೋತ. ದೂರದ ಊರುಗಳಲ್ಲಿ ಪಾದ್ರಿಯಾಗಿ ನೆಲೆಸುವ ಅವಕಾಶಗಳು ಬಂದರೂ ಮನಸ್ಸು ಮಾಡಲಿಲ್ಲ. ತಾತ ಪಾದ್ರಿಯಾಗಿದ್ದ ತನ್ನೂರಿನ ಚರ್ಚಿನಲ್ಲೇ ಪಾದ್ರಿಯಾಗೋಣವೆಂದರೆ ಆ ನೇಮಕದ ಹಕ್ಕು ಬೇರೊಂದು ಕಾಲೇಜಿನ ಕೈಯಲ್ಲಿತ್ತು. ಹಾಗಾಗಿ ಸುತ್ತಮುತ್ತಲ ಊರುಗಳಲ್ಲಿ, ಕೊನೆಗೆ ತನ್ನೂರಿನಲ್ಲಿ, ಸಹಾಯಕ ಪಾದ್ರಿಯಾಗಿಯೇ ಉಳಿದ. ಮದುವೆಯಾಗಲಿಲ್ಲ. 1720ರಲ್ಲಿ ಹುಟ್ಟಿದ ಊರಿನಲ್ಲೇ 1793ರಲ್ಲಿ ತೀರಿಕೊಂಡ. ಅವನ ಸಮಾಧಿಯ ಪುಟ್ಟ ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರ, ಸತ್ತ ತಾರೀಖು ಬಿಟ್ಟರೆ ಬೇರೇನೂ ಇಲ್ಲ.

ಆ ಊರಿನ ಹೆಸರು ಸೆಲ್ಬೋರ್ನ್. ಲಂಡನ್ನಿನಿಂದ ನೈರುತ್ಯಕ್ಕೆ ಸುಮಾರು 50 ಮೈಲಿ, ಹ್ಯಾಂಪ್‌ಷೈರ್ ಜಿಲ್ಲೆ. ರಾಜಧಾನಿಯಲ್ಲ, ಬಂದರಲ್ಲ, ದೊಡ್ಡ ಯುದ್ಧ ನಡೆದ ಜಾಗವೂ ಅಲ್ಲ. ಇಂಥ ಹಳ್ಳಿಗಳು ಇಂಗ್ಲೆಂಡಿನಲ್ಲಿ ಸಾವಿರಾರಿವೆ. ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಈ ಒಂದು ಹಳ್ಳಿಯ ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿತ್ತು, ಬಾವಿ ಎಷ್ಟು ಆಳವಿತ್ತು, ಬಡವರ ಮನೆಯಲ್ಲಿ ರಾತ್ರಿ ಯಾವ ದೀಪ ಉರಿಯುತ್ತಿತ್ತು, ಅದಕ್ಕೆಷ್ಟು ಖರ್ಚು ಎಂಬುದೆಲ್ಲ ಇವತ್ತಿಗೂ ಜಗತ್ತಿಗೆ ಗೊತ್ತಿದೆ. ಕಾರಣ ಇಷ್ಟೇ. ಊರಲ್ಲೇ ಉಳಿದ ಆ ಮನುಷ್ಯ ದಿನವೂ ಸುತ್ತಾಡಿ, ನೋಡಿ, ಎಣಿಸಿ, ತೂಗಿ, ತಾರೀಖು ಹಾಕಿ ಬರೆದಿಟ್ಟ. 1751ರಲ್ಲಿ ತೋಟದ ದಿನಚರಿಯಿಂದ ಶುರುವಾದ ಈ ಅಭ್ಯಾಸ 1768ರಿಂದ ನಿಸರ್ಗದ ದಿನಚರಿಯಾಗಿ, ಸಾಯುವವರೆಗೂ ನಡೆಯಿತು. ಥಾಮಸ್ ಪೆನ್ನಂಟ್ ಮತ್ತು ಡೇನ್ಸ್ ಬ್ಯಾರಿಂಗ್‌ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಆತ ಬರೆದ ಪತ್ರಗಳೇ 1789ರಲ್ಲಿ ‘ದಿ ನ್ಯಾಚುರಲ್ ಹಿಸ್ಟರಿ ಅಂಡ್ ಆಂಟಿಕ್ವಿಟೀಸ್ ಆಫ್ ಸೆಲ್ಬೋರ್ನ್’ ಎಂಬ ಪುಸ್ತಕವಾದವು. ಪ್ರಕಟಿಸಿದವನು ಅವನ ತಮ್ಮ ಬೆಂಜಮಿನ್. ಆಗ ವೈಟನಿಗೆ 68 ವರ್ಷ. ಅಂದಿನಿಂದ ಇಂದಿನವರೆಗೂ ಆ ಪುಸ್ತಕ ಅಚ್ಚಾಗುತ್ತಲೇ ಇದೆ.

ಸೀಮೆಸುಣ್ಣದ ಗುಡ್ಡ, ಹೂತುಹೋದ ದಾರಿ

ಸೆಲ್ಬೋರ್ನ್ ಎಂದರೆ ಮೊದಲು ಕಣ್ಣಿಗೆ ಬೀಳುವುದು ಊರ ಬೆನ್ನಿಗೆ ಗೋಡೆಯಂತೆ ಎದ್ದ ಗುಡ್ಡ. ಊರಿನಿಂದ 300 ಅಡಿ ಎತ್ತರ. ಒಳಗೆಲ್ಲ ನಮ್ಮ ಶಾಲೆಯ ಬೋರ್ಡಿನ ಮೇಲೆ ಬರೆಯುವ ಸೀಮೆಸುಣ್ಣದ ಜಾತಿಯ ಬಿಳಿ ಕಲ್ಲು. ಅದರ ಕಡಿದಾದ ಇಳಿಜಾರಿನ ಮೇಲೆ ಬೀಚ್ ಮರಗಳ ದಟ್ಟ ಕಾಡು. ಬೆಟ್ಟದ ಇಳಿಜಾರಿಗೆ ನೇತುಹಾಕಿದಂತೆ ಕಾಣುವ ಇಂಥ ಕಾಡಿಗೆ ಅಲ್ಲಿಯವರು ‘ಹ್ಯಾಂಗರ್’ ಎನ್ನುತ್ತಾರೆ. ಬೀಚ್ ಮರದ ತೊಗಟೆ ನುಣುಪು, ಬೂದು ಬಣ್ಣ. ವಸಂತದಲ್ಲಿ ಎಳೆಹಸಿರು ಎಲೆ, ಚಳಿಗಾಲಕ್ಕೆ ಮುಂಚೆ ತಾಮ್ರದ ಬಣ್ಣ. ಕಾಡಿನ ಮರಗಳಲ್ಲೆಲ್ಲ ಇದೇ ಚೆಲುವೆ ಎಂಬುದು ವೈಟನ ತೀರ್ಪು. 1753ರಲ್ಲಿ ಆತ, ತಮ್ಮ ಜಾನ್ ಜೊತೆ ಸೇರಿ, ಆ ಗುಡ್ಡ ಹತ್ತಲು ಹಾವಿನಂತೆ ಅತ್ತಿತ್ತ ತಿರುಗುವ ದಾರಿಯೊಂದನ್ನು ಕಡಿಸಿದ. ‘ಝಿಗ್‌ಝ್ಯಾಗ್’ ಎಂಬ ಹೆಸರಿನ ಆ ಕಾಲುದಾರಿಯಲ್ಲಿ ಜನ ಈಗಲೂ ಹತ್ತುತ್ತಾರೆ.

ಊರಿಗೆ ಬರುವ ಹಳೆಯ ದಾರಿಗಳದ್ದು ಇನ್ನೊಂದು ವಿಚಿತ್ರ. ಮೆತ್ತನೆಯ ಕಲ್ಲಿನ ನೆಲದ ಮೇಲೆ ನೂರಾರು ವರ್ಷ ಗಾಡಿಚಕ್ರ ಉರುಳಿ, ಮಳೆನೀರು ಕೊರೆದು, ದಾರಿಯೇ ಕೆಳಕ್ಕೆ ಇಳಿದುಬಿಟ್ಟಿದೆ. ವೈಟ್ ಅಳೆದಾಗಲೇ ಕೆಲವು ಕಡೆ ಅಕ್ಕಪಕ್ಕದ ಹೊಲಗಳಿಗಿಂತ 16ರಿಂದ 18 ಅಡಿ ತಗ್ಗಿನಲ್ಲಿತ್ತು. ಎರಡೂ ಕಡೆ ಬರಿಯ ಬಂಡೆ, ಮರದ ಬೇರು, ಜರೀಗಿಡ. ಚಳಿಗಾಲದಲ್ಲಿ ಆ ಗೋಡೆಗಳಿಂದ ಹಿಮದ ಕೋಲುಗಳು ಇಳಿಬಿದ್ದಿರುತ್ತಿದ್ದವು. ಊರಿಗೆ ಬರುವ ಹೆಂಗಸರು ಅದನ್ನು ಕಂಡು ಹೆದರುತ್ತಿದ್ದರಂತೆ. ವೈಟನಿಗೆ ಮಾತ್ರ ಆ ಕೊರಕಲುಗಳು ಗಿಡಗಳ ಭಂಡಾರ.

ನೀರಿನ ಲೆಕ್ಕವನ್ನೂ ಆತ ಬಿಟ್ಟಿಲ್ಲ. ಊರಿನ ಬಾವಿಗಳ ಸರಾಸರಿ ಆಳ 63 ಅಡಿ. ಊರಿನ ಒಂದು ತುದಿಯ ತೊರೆ ಆಗಾಗ ಬತ್ತುತ್ತದೆ. ಇನ್ನೊಂದು ತುದಿಯ ‘ವೆಲ್‌ಹೆಡ್’ ಬುಗ್ಗೆ ಬತ್ತುವುದಿಲ್ಲ. ಬತ್ತುವುದಿಲ್ಲ ಎಂದು ಹೇಳಿ ಸುಮ್ಮನಾಗದೆ, ಮಳೆಯಿಲ್ಲದ ಸುಡುಬೇಸಿಗೆಯ ನಂತರ, 1781ರ ಸೆಪ್ಟೆಂಬರ್ 14ರಂದು ಹೋಗಿ ಅಳೆದ. ನಿಮಿಷಕ್ಕೆ 9 ಗ್ಯಾಲನ್, ಅಂದರೆ ದಿನಕ್ಕೆ 12,960 ಗ್ಯಾಲನ್. ಆ ಬುಗ್ಗೆ ಹುಟ್ಟುವ ಕಡೆಯ ನೋರ್ ಹಿಲ್ ಗುಡ್ಡದ ಒಂದು ಪಕ್ಕದ ನೀರು ಆರನ್ ನದಿ ಸೇರಿ ದಕ್ಷಿಣದ ಕಡಲಿಗೆ ಹೋದರೆ, ಇನ್ನೊಂದು ಪಕ್ಕದ್ದು ವೇ ನದಿ ಸೇರಿ, ಥೇಮ್ಸ್ ಮೂಲಕ ಪೂರ್ವದ ಕಡಲಿಗೆ ಸೇರುತ್ತದೆ. ಘಟ್ಟದ ನೆತ್ತಿಯಲ್ಲಿ ನಿಂತು ಮಳೆನೀರು ಯಾವ ಕಡಲಿಗೆ ಹೋಗುತ್ತದೆಂದು ಯೋಚಿಸಿದವರಿಗೆ ಈ ಕುತೂಹಲ ಹೊಸದೇನಲ್ಲ.

ತಕ್ಕಡಿಯಲ್ಲಿ ಎರಡು ಇಲಿ

ವೈಟನ ಕಾಲದಲ್ಲಿ ಪ್ರಾಣಿಶಾಸ್ತ್ರವೆಂದರೆ ಹೆಚ್ಚಾಗಿ ಸತ್ತ ಜೀವಿಗಳ ಶಾಸ್ತ್ರ. ಹಕ್ಕಿಯನ್ನು ಹೊಡೆದು, ಒಣಗಿಸಿ, ಗರಿ ಎಣಿಸಿ ಹೆಸರಿಡುತ್ತಿದ್ದರು. ಅವನೂ ಹಕ್ಕಿಗಳನ್ನು ಹೊಡೆಸಿ ನೋಡಿದವನೇ. ಆದರೆ ಅವನ ಹೆಚ್ಚುಗಾರಿಕೆ ಇದ್ದದ್ದು ಬದುಕಿರುವ ಜೀವಿಯ ಎದುರು ಗಂಟೆಗಟ್ಟಲೆ ಕಾಯುವುದರಲ್ಲಿ. ಎಲೆಗಳ ಮರೆಯಲ್ಲಿ ಹಾರಾಡುವ ಹಸಿರು ಮಿಶ್ರಿತ ಪುಟ್ಟ ಹಕ್ಕಿಯೊಂದನ್ನು ಎಲ್ಲರೂ ಒಂದೇ ಜಾತಿ ಎಂದುಕೊಂಡಿದ್ದಾಗ, ಅದರ ಹಾಡು ಮೂರು ಬಗೆ ಇದೆಯಲ್ಲ ಎಂದು ಅವನ ಕಿವಿಗೆ ಬಿತ್ತು. 1768ರಲ್ಲಿ ಅವು ಮೂರು ಬೇರೆ ಬೇರೆ ಜಾತಿಗಳೆಂದು ಬರೆದ. ಇಂದು ಅವುಗಳಿಗೆ ಚಿಫ್‌ಚ್ಯಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎಂಬ ಹೆಸರುಗಳಿವೆ. ಚಳಿಗಾಲದಲ್ಲಿ ನಮ್ಮ ಮಲೆನಾಡಿಗೆ ವಲಸೆ ಬರುವ ಎಲೆಹಕ್ಕಿಗಳು ಇದೇ ಕುಲದವು. ಅವನ್ನು ಗುರುತಿಸಲು ಇಂದಿಗೂ ಪಕ್ಷಿ ವೀಕ್ಷಕರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ.

ಗೋಧಿಯ ತೆನೆಗಳ ಮೇಲೆ ಓಡಾಡುವ ಪುಟ್ಟ ಇಲಿಯನ್ನು, ಇಂದು ‘ಹಾರ್ವೆಸ್ಟ್ ಮೌಸ್’ ಎನ್ನುವ ಸುಗ್ಗಿಯ ಇಲಿಯನ್ನು, ಬ್ರಿಟನ್ನಿನಲ್ಲಿ ಮೊದಲು ಸರಿಯಾಗಿ ಗುರುತಿಸಿದವನೂ ಅವನೇ. ಕಾಲ 1767. ಅದರ ಗೂಡು ಹುಲ್ಲಿನಿಂದ ಹೆಣೆದ, ಕ್ರಿಕೆಟ್ ಚೆಂಡಿನಷ್ಟು ದುಂಡಗಿನ ಉಂಡೆ. ಒಳಗೆ ಕಣ್ಣು ಬಿಡದ ಎಂಟು ಮರಿಗಳಿದ್ದರೂ ಮೇಜಿನ ಮೇಲೆ ಉರುಳಿಸಿದರೆ ಕದಡದಷ್ಟು ಬಿಗಿ. ಬಾಗಿಲೇ ಕಾಣದ ಈ ಗೂಡಿನಲ್ಲಿ ತಾಯಿ ಒಂದೊಂದು ಮರಿಗೂ ಹಾಲೂಡಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡ. ಆಮೇಲೆ ಎರಡು ಇಲಿಗಳನ್ನು ತಕ್ಕಡಿಯಲ್ಲಿಟ್ಟ. ಎರಡೂ ಸೇರಿ ಅರ್ಧ ಪೆನ್ನಿಯ ಒಂದು ತಾಮ್ರದ ನಾಣ್ಯಕ್ಕೆ ಸಮ. ಇಂದಿನ ಲೆಕ್ಕದಲ್ಲಿ ಒಂದೊಂದೂ ಐದು ಗ್ರಾಮಿಗಿಂತ ಕಡಿಮೆ. ಚಿಕ್ಕದು, ತೀರಾ ಚಿಕ್ಕದು ಎಂದು ಬರೆದಿದ್ದರೆ ನಮಗೇನೂ ತಿಳಿಯುತ್ತಿರಲಿಲ್ಲ. ನಾಣ್ಯ ಇಟ್ಟು ತೂಗಿದ್ದರಿಂದ ತಿಳಿಯಿತು.

ಹುಲ್ಲುಗಾವಲಿನ ಬಿಲಗಳಲ್ಲಿ ಕೂತು ಕಿರ್ರೆನ್ನುವ ‘ಫೀಲ್ಡ್ ಕ್ರಿಕೆಟ್’ ಎಂಬ ಕಪ್ಪು ಹುಳುವನ್ನು ನೋಡಬೇಕೆಂದು ಮೊದಲು ಗುದ್ದಲಿಯಿಂದ ಅಗೆಸಿದ. ಬಿಲದ ತುದಿ ಕಲ್ಲಿನಡಿ ಹೋಗಿ ಹುಳು ಸಿಗುತ್ತಿರಲಿಲ್ಲ. ಸಿಕ್ಕರೂ ಅಗೆತದಲ್ಲಿ ಜಜ್ಜಿ ಸತ್ತಿರುತ್ತಿತ್ತು. ಕೊನೆಗೆ ಬಾಗುವ ಹುಲ್ಲುಕಡ್ಡಿಯೊಂದನ್ನು ಮೆಲ್ಲಗೆ ಬಿಲದೊಳಗೆ ತೂರಿಸಿದರೆ ಹುಳು ತಾನಾಗಿ ಹೊರಬರುವುದೆಂದು ಕಂಡುಕೊಂಡ. ಇದು ಹಳ್ಳಿಯ ಮಕ್ಕಳಿಗೆ ಯಾರೂ ಹೇಳಿಕೊಡದೆ ಬರುವ ವಿದ್ಯೆ. ಹಾಗೆ ಕಡ್ಡಿ ಆಡಿಸುತ್ತ ಕೂತ ಮಗುವನ್ನು ಹೋಂವರ್ಕ್ ಮಾಡೆಂದು ಎಬ್ಬಿಸುವ ಮುಂಚೆ ಒಂದು ಗಳಿಗೆ ತಡೆಯಬಹುದು.

ಇಂಥ ಪ್ರಯೋಗಗಳು ಒಂದೆರಡಲ್ಲ. ಜೇನಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ದೊಡ್ಡ ಕಹಳೆಯಂಥ ಕೊಳವೆಯನ್ನು ಗೂಡಿನ ಬಳಿ ಹಿಡಿದು ಕೂಗಿದ. ಜೇನುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಚರ್ಚಿನ ಸೂರಿನ ಗೂಬೆಗಳು ಮರಿಗಳಿಗೆ ಎಷ್ಟು ಹೊತ್ತಿಗೊಮ್ಮೆ ಇಲಿ ತರುತ್ತವೆಂದು ಗಡಿಯಾರ ಹಿಡಿದು ಕೂತ. ಸುಮಾರು ಐದು ನಿಮಿಷಕ್ಕೊಮ್ಮೆ. ಸೋದರತ್ತೆಯ ಮನೆಯಲ್ಲಿದ್ದ ಟಿಮೊಥಿ ಎಂಬ ಮುದಿ ಆಮೆ 1780ರಲ್ಲಿ ಆಕೆ ತೀರಿಕೊಂಡ ಮೇಲೆ ಸೆಲ್ಬೋರ್ನಿಗೆ ಬಂತು. ಅದು ಎಂದು ಮಣ್ಣಿನಡಿ ನಿದ್ರೆಗೆ ಹೋಯಿತು, ಎಂದು ಎದ್ದಿತು, ಮಳೆ ಬರುವ ಮುನ್ನ ಹೇಗೆ ಮರೆ ಹುಡುಕಿತು ಎಂಬುದೆಲ್ಲ ದಿನಚರಿಯಲ್ಲಿದೆ. ಅದು ಗಂಡಲ್ಲ, ಹೆಣ್ಣು ಎಂದು ಗೊತ್ತಾದದ್ದು ಅದು ಸತ್ತ ಎಷ್ಟೋ ವರ್ಷಗಳ ನಂತರ. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಎರೆಹುಳುಗಳಿಲ್ಲದೆ ಹೊಲವೇ ಗಡುಸಾಗಿ ಬಂಜೆಯಾದೀತು ಎಂದು ವೈಟ್ ಬರೆದದ್ದು 1777ರಲ್ಲಿ. ರೈತರು ಅವನ್ನು ಶತ್ರುವೆಂದುಕೊಂಡಿದ್ದ ಕಾಲವದು. ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಮೇಲೆ ಇಡೀ ಪುಸ್ತಕ ಬರೆದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, 1881ರಲ್ಲಿ. ಬಾಲಕ ಡಾರ್ವಿನ್ನನಿಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದ ಪುಸ್ತಕಗಳಲ್ಲಿ ವೈಟನದೂ ಒಂದು.

ಎಂಟು ಜೋಡಿ ಹಕ್ಕಿ

ಸೆಲ್ಬೋರ್ನಿನ ಬೇಸಿಗೆಯ ಆಕಾಶ ಸ್ವಿಫ್ಟ್ ಹಕ್ಕಿಗಳದ್ದು. ಕುಡುಗೋಲಿನಂಥ ರೆಕ್ಕೆಯ ಈ ಕಪ್ಪು ಹಕ್ಕಿಗಳು ಗೂಡಿಗೆ ಬಿಟ್ಟರೆ ಬೇರೆಲ್ಲೂ ಕೂರುವುದಿಲ್ಲ. ಹಾರುತ್ತಲೇ ತಿನ್ನುತ್ತವೆ, ಹಾರುತ್ತಲೇ ಗೂಡಿನ ಸಾಮಗ್ರಿ ಹಿಡಿಯುತ್ತವೆ, ಹಾರುತ್ತಲೇ ಕೂಡುತ್ತವೆ. ಈ ಕೊನೆಯ ಸಂಗತಿಯನ್ನು ನೋಡಿ ಬರೆದವನು ವೈಟ್. ಊರಿನಲ್ಲಿ ಎಷ್ಟು ಜೋಡಿ ಇವೆಯೆಂದು ವರ್ಷವರ್ಷವೂ ಎಣಿಸಿ, 1778ರಲ್ಲಿ ಒಂದು ಲೆಕ್ಕ ಕೊಟ್ಟ: ಪ್ರತಿ ವರ್ಷವೂ ಎಂಟು ಜೋಡಿ. ಅರ್ಧದಷ್ಟು ಚರ್ಚಿನ ಕಟ್ಟಡದಲ್ಲಿ, ಉಳಿದವು ಹುಲ್ಲು ಹೊದಿಸಿದ ಬಡವರ ಮನೆಗಳ ಸೂರಿನಲ್ಲಿ.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ, ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ಎಂಟು ಜೋಡಿ ಹಕ್ಕಿಗಳು ಪ್ರತಿ ವರ್ಷ ಮರಿ ಮಾಡುತ್ತವೆ. ಮರಿಗಳು ಹಾರಿ ಹೋಗುತ್ತವೆ. ಮುಂದಿನ ವರ್ಷ ಮತ್ತೆ ಎಂಟೇ ಜೋಡಿ. ಹಾಗಾದರೆ ಹೆಚ್ಚಾದವು ಏನಾದವು? ಜೀವಿಗಳ ಸಂಖ್ಯೆ ಏಕೆ ಮಿತಿ ಮೀರಿ ಬೆಳೆಯುವುದಿಲ್ಲ ಎಂಬ ಈ ಪ್ರಶ್ನೆ ಇಂದು ಪರಿಸರ ವಿಜ್ಞಾನದ ಮುಖ್ಯ ಪಾಠಗಳಲ್ಲೊಂದು. ಜನಸಂಖ್ಯೆಯ ಬಗ್ಗೆ ಮಾಲ್ಥಸ್‌ನ ಪ್ರಬಂಧ ಬಂದದ್ದು 1798ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಒಬ್ಬ ಹಳ್ಳಿಯ ಪಾದ್ರಿ ಚರ್ಚಿನ ಗೋಪುರ ನೋಡುತ್ತ ಇದನ್ನು ಕೇಳಿದ್ದ.

ಎಲ್ಲದಕ್ಕೂ ಅವನಿಗೆ ಉತ್ತರ ಸಿಕ್ಕಿತೆಂದಲ್ಲ. ಸ್ವಾಲೋ ಹಕ್ಕಿಗಳು, ಅಂದರೆ ಕವಲು ಬಾಲದ ಅಂಬರಗುಬ್ಬಿಗಳು, ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಅವನನ್ನು ಜೀವಮಾನವಿಡೀ ಕಾಡಿತು. ಜಿಬ್ರಾಲ್ಟರಿನಲ್ಲಿದ್ದ ತಮ್ಮ ಜಾನ್, ಅವು ಗುಂಪುಗುಂಪಾಗಿ ಸಮುದ್ರ ದಾಟುವುದನ್ನು ಕಂಡು ಬರೆದಿದ್ದ. ಆದರೂ ಕೆಲವಾದರೂ ಊರ ಹತ್ತಿರದ ಪೊದೆ, ಬಿಲಗಳಲ್ಲಿ ನಿದ್ರೆ ಮಾಡುತ್ತಿರಬಹುದೆಂಬ ಅನುಮಾನ ವೈಟನನ್ನು ಬಿಡಲಿಲ್ಲ. ಆ ಊಹೆ ತಪ್ಪು. ಅವು ಆಫ್ರಿಕಾಕ್ಕೆ ಹೋಗುತ್ತವೆಂದು ನಮಗೀಗ ಗೊತ್ತು. ಆದರೆ ತನ್ನ ಊಹೆಗೆ ಹೊಂದುವಂತೆ ಆತ ದಿನಚರಿಯನ್ನು ತಿದ್ದಲಿಲ್ಲ. ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಕಾಣಲಿಲ್ಲವೆಂದೇ ಬರೆದ. ಅದಕ್ಕೇ ಅವನ ಊಹೆ ಬಿದ್ದುಹೋದರೂ ಅವನ ತಾರೀಖುಗಳು ಉಳಿದವು.

ಕಾಸಿಗೆ ಐದೂವರೆ ಗಂಟೆ ಬೆಳಕು

ಊರೆಂದರೆ ಗುಡ್ಡ, ಹಕ್ಕಿ ಮಾತ್ರವಲ್ಲ. ವೈಟ್ ಜನರನ್ನೂ ಎಣಿಸಿದ್ದಾನೆ. ಅವನ ಪುಸ್ತಕದಲ್ಲಿ ಸೆಲ್ಬೋರ್ನಿನ 136 ಮನೆತನ, 676 ಮಂದಿಯ ಲೆಕ್ಕವಿದೆ. ಬಡವರೇ ಹೆಚ್ಚು. ಹೆಂಗಸರಿಗೆ ಬೇಸಿಗೆಯಲ್ಲಿ ಹೊಲದ ಕಳೆ ಕೀಳುವ ಕೆಲಸ, ಸೆಪ್ಟೆಂಬರಿನಲ್ಲಿ ಬಿಯರ್ ತಯಾರಿಕೆಗೆ ಬೇಕಾದ ಹಾಪ್ಸ್ ಬಳ್ಳಿಯ ಹೂ ಬಿಡಿಸುವ ಕೆಲಸ. ಗಂಡಸರಿಗೆ ಹೊಲ, ಹಾಪ್ಸ್ ತೋಟ, ಮರ ಕಡಿಯುವುದು.

1775ರ ಒಂದು ಪತ್ರವಿಡೀ ಬಡವರ ದೀಪದ ಬಗ್ಗೆ ಇದೆ. ಕೆರೆದಂಡೆಯ ಜೊಂಡನ್ನು ಬೇಸಿಗೆಯಲ್ಲಿ ಕಿತ್ತು ತಂದು, ನೆನೆಹಾಕಿ, ಸಿಪ್ಪೆ ಸುಲಿದು, ಒಳಗಿನ ತಿರುಳು ನಿಲ್ಲಲು ಒಂದು ಎಳೆ ಸಿಪ್ಪೆ ಮಾತ್ರ ಉಳಿಸಿ, ಬಿಸಿಲಿಗೆ ಒಣಗಿಸಿ, ಕಾಯಿಸಿದ ಕೊಬ್ಬಿನಲ್ಲಿ ಅದ್ದಿದರೆ ದೀಪದ ಕಡ್ಡಿ ಸಿದ್ಧ. ಇದು ಹೆಂಗಸರು, ಮಕ್ಕಳು, ಮುದುಕರ ಕೆಲಸ. ಒಂದು ಪೌಂಡ್ ಒಣ ಜೊಂಡಿಗೆ 1600 ಕಡ್ಡಿ. ಕಡ್ಡಿಯೊಂದು ಅರ್ಧ ಗಂಟೆ ಉರಿದರೂ 800 ಗಂಟೆ. ಜೊಂಡು, ಕೊಬ್ಬು ಸೇರಿ ಖರ್ಚು ಮೂರು ಷಿಲಿಂಗ್. ಆಗಿನ ಒಂದು ಷಿಲಿಂಗಿಗೆ 12 ಪೆನ್ನಿ, ಒಂದು ಪೆನ್ನಿಗೆ 4 ಫಾರ್ದಿಂಗ್. ವಿದ್ಯಾರ್ಥಿಗಳು ತಾವೇ ಭಾಗಿಸಿ ನೋಡಬಹುದು: ಒಂದು ಫಾರ್ದಿಂಗ್ ಕಾಸಿಗೆ ಐದೂವರೆ ಗಂಟೆ ಬೆಳಕು. ತೀರಾ ಬಡವರು ಮಾತ್ರ ಎರಡು ಫಾರ್ದಿಂಗ್, ಅಂದರೆ ಅರ್ಧ ಪೆನ್ನಿ ಕೊಟ್ಟು ದಿನಕ್ಕೊಂದು ಮೇಣದ ಬತ್ತಿ ತರುತ್ತಾರೆ. ಗಾಳಿ ನುಗ್ಗುವ ಅವರ ಮನೆಯಲ್ಲಿ ಅದು ಎರಡು ಗಂಟೆಗೆ ಮುಗಿಯುತ್ತದೆ. ಹನ್ನೊಂದು ಗಂಟೆಯ ದುಡ್ಡಿಗೆ ಎರಡು ಗಂಟೆಯ ಬೆಳಕು.

ಬಡವರಿಗೆ ಮಿತವ್ಯಯ ಗೊತ್ತಿಲ್ಲ, ಅದಕ್ಕೇ ಅವರು ಬಡವರಾಗಿಯೇ ಉಳಿಯುತ್ತಾರೆ ಎಂಬ ಧಾಟಿಯಲ್ಲಿ ವೈಟ್ ಈ ಲೆಕ್ಕ ಮುಗಿಸುತ್ತಾನೆ. ಇಲ್ಲಿ ಅವನ ಜೊತೆ ಜಗಳವಾಡಬೇಕಾಗುತ್ತದೆ. ಆರು ಪೌಂಡ್ ಕೊಬ್ಬನ್ನು ಒಮ್ಮೆಗೇ ಕೊಳ್ಳಲು ಕೈಯಲ್ಲಿ ಕಾಸು ಬೇಕು. ದಿನಗೂಲಿಯವರು ದಿನಕ್ಕೊಂದು ಪೊಟ್ಟಣ ಎಣ್ಣೆ ಕೊಳ್ಳುವುದು ಏಕೆಂದು ನಮ್ಮ ಯಾವ ಕಿರಾಣಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಆದರೂ ಈ ಜಗಳಕ್ಕೆ ಬೇಕಾದ ಅಂಕಿಗಳನ್ನು ನಮಗೆ ಕೊಟ್ಟವನೂ ವೈಟನೇ. ಅವನು ಸತ್ತ 37 ವರ್ಷಗಳಿಗೆ, 1830ರ ನವೆಂಬರ್ 22ರಂದು, ಅದೇ ಊರಿನ ಕೂಲಿಕಾರರು ಗುಂಪುಗೂಡಿದರು. ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ತೆರಿಗೆಯನ್ನು ಇಳಿಸಿದರೆ ರೈತರು ಕೂಲಿ ಏರಿಸಬಹುದೆಂದು ಅಂದಿನ ಪಾದ್ರಿಯಿಂದ ಬಲವಂತವಾಗಿ ಒಪ್ಪಿಗೆ ಪಡೆದು, ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸ್ ಎಂಬ ದುಡಿಮೆಮನೆಯ ಮೇಲೆ ದಾಳಿ ಮಾಡಿದರು. ಆ ಗಲಭೆಗಾಗಿ ಕೆಲವರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಯಿತು. ಗುಡ್ಡ, ಬೀಚ್ ಕಾಡು, ಹಕ್ಕಿಯ ಹಾಡಿನ ಹಳ್ಳಿಯ ಕತೆಯಲ್ಲಿ ಇದೂ ಸೇರಿದೆ.

ನಂಬಿಕೆಗಳೂ ಇದ್ದವು. ಮೂಗಿಲಿಯಂಥ ಒಂದು ಪುಟ್ಟ ಪ್ರಾಣಿ ದನದ ಮೇಲೆ ಹರಿದರೆ ಕಾಲು ಸೆಟೆಯುತ್ತದೆಂದು ನಂಬಿದ್ದ ಜನ, ಚರ್ಚಿನ ಪಕ್ಕದ ಆ್ಯಶ್ ಮರದಲ್ಲಿ ತೂತು ಕೊರೆದು ಆ ಪ್ರಾಣಿಯನ್ನು ಜೀವಂತ ಹುದುಗಿಸಿ ಮುಚ್ಚುತ್ತಿದ್ದರು. ಆ ಮರದ ರೆಂಬೆ ಸವರಿದರೆ ದನದ ನೋವು ಹೋಗುತ್ತದೆಂಬ ನಂಬಿಕೆ. ವೈಟ್ ಇದನ್ನು ಒಪ್ಪುವುದಿಲ್ಲ, ಆದರೆ ಗೇಲಿ ಮಾಡುವ ಮೊದಲು ಪೂರ್ತಿ ಬರೆದುಕೊಳ್ಳುತ್ತಾನೆ. ಊರ ಹತ್ತಿರದ ತೋಪಿನ ಒಂದು ಓಕ್ ಮರದ ಕತೆಯೂ ಹಾಗೇ. ಅದರ ನೆತ್ತಿಯಲ್ಲಿ ಕಾಡುಕಾಗೆಗಳು ತಲೆಮಾರುಗಳಿಂದ ಗೂಡು ಕಟ್ಟುತ್ತಿದ್ದವು. ಕಾಂಡದ ನಡುವೆ ದೊಡ್ಡ ಗಂಟು ಇದ್ದುದರಿಂದ ಊರ ಹುಡುಗರಲ್ಲಿ ಒಬ್ಬನಿಗೂ ಹತ್ತಲಾಗಿರಲಿಲ್ಲ. ಫೆಬ್ರುವರಿಯ ಒಂದು ದಿನ ಮರ ಕಡಿಯುವವರು ಬಂದರು. ತಾಯಿಹಕ್ಕಿ ಕಾವು ಕೊಡುತ್ತ ಕೂತಿತ್ತು. ಕೊಡಲಿಯ ಏಟು ಬೀಳುತ್ತಿದ್ದರೂ ಮೇಲೇಳಲಿಲ್ಲ. ಮರ ಉರುಳಿದಾಗ ಗೂಡಿನಿಂದ ಚಿಮ್ಮಿ, ರೆಂಬೆಗಳ ಹೊಡೆತಕ್ಕೆ ಸಿಕ್ಕಿ ಸತ್ತು ನೆಲಕ್ಕೆ ಬಿತ್ತು. ಮರ ಇಲ್ಲ, ಹಕ್ಕಿ ಇಲ್ಲ. ಬರೆದದ್ದರಿಂದ ಕತೆ ಇದೆ.

ಕಾರಣ ಗೊತ್ತಿಲ್ಲದ ಕೆಂಪು ಸೂರ್ಯ

1783ರ ಬೇಸಿಗೆಯಲ್ಲಿ ಸೆಲ್ಬೋರ್ನಿನ ಮೇಲೆ ವಿಚಿತ್ರ ಮಬ್ಬು ಕವಿಯಿತು. ಜೂನ್ 23ರಿಂದ ಜುಲೈ 20ರವರೆಗೆ ಎಂದು ದಿನಚರಿಯಲ್ಲಿ ಖಚಿತ ತಾರೀಖು ಇದೆ. ನಡುಮಧ್ಯಾಹ್ನದ ಸೂರ್ಯ ಮೋಡದ ಮರೆಯ ಚಂದ್ರನಂತೆ ಪೇಲವ, ಹುಟ್ಟುವಾಗ ಮುಳುಗುವಾಗ ರಕ್ತದಂತೆ ಕೆಂಪು. ಸೆಖೆ ಎಷ್ಟಿತ್ತೆಂದರೆ ಕಡಿದ ಮಾಂಸ ಮರುದಿನಕ್ಕೆ ಕೆಡುತ್ತಿತ್ತು. ಹಳ್ಳಿಗರು ಕೆಂಪು ಸೂರ್ಯನನ್ನು ಕಂಡು ಹೆದರಿದರು. ಓದಿದವರಿಗೂ ದಿಗಿಲಾಗಿತ್ತೆಂದು ವೈಟ್ ಸೂಚಿಸುತ್ತಾನೆ. ಕಾರಣ ಅವನಿಗೆ ಗೊತ್ತಿರಲಿಲ್ಲ.

ನಮಗೆ ಗೊತ್ತು. ಆ ವರ್ಷ ಜೂನ್ 8ರಂದು ಐಸ್‌ಲೆಂಡಿನ ಲಾಕಿ ಎಂಬಲ್ಲಿ ನೆಲ ಸೀಳಿ ಜ್ವಾಲಾಮುಖಿ ಉಕ್ಕಲು ಶುರುವಾಗಿ ಎಂಟು ತಿಂಗಳು ನಡೆಯಿತು. ಐಸ್‌ಲೆಂಡಿನ ಐದನೆಯ ಒಂದು ಭಾಗದಷ್ಟು ಜನ ಬರಗಾಲಕ್ಕೆ ಸಿಕ್ಕಿ ಸತ್ತರು. ಅಲ್ಲಿಂದ ಹೊರಟ ಗಂಧಕದ ಹೊಗೆ ಯೂರೋಪಿನ ಮೇಲೆ ಹರಡಿತ್ತು. ಆ ಹೊಗೆ ಎಲ್ಲಿಗೆ ಯಾವಾಗ ತಲುಪಿತೆಂದು ಹುಡುಕುವ ವಿಜ್ಞಾನಿಗಳಿಗೆ ಇಂಥ ದಿನಚರಿಗಳೇ ಸಾಕ್ಷಿ. ಬರೆದವನಿಗೆ ಅರ್ಥವಾಗದ ಸಂಗತಿಯನ್ನೂ ತಾರೀಖು ಸಹಿತ ಬರೆದಿಟ್ಟರೆ, ಅರ್ಥ ಮಾಡಿಕೊಳ್ಳುವವರು ಮುಂದೆ ಬರುತ್ತಾರೆ.

ಉಳಿದದ್ದು, ಹೋದದ್ದು

ವೈಟ್ ಬಾಳಿದ ‘ದಿ ವೇಕ್ಸ್’ ಎಂಬ ಮನೆ 1955ರಿಂದ ವಸ್ತುಸಂಗ್ರಹಾಲಯ. ಹ್ಯಾಂಗರ್ ಕಾಡು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. 2010ರಿಂದ ಊರು ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. ಗುಡ್ಡ, ಕೊರಕಲು ದಾರಿ, ಬುಗ್ಗೆಗಳನ್ನು ಅವನ ಪುಸ್ತಕ ಹಿಡಿದು ಈಗಲೂ ಗುರುತಿಸಬಹುದು.

ಚರ್ಚಿನ ಅಂಗಳದ ಯೂ ಮರ ಮಾತ್ರ ಇಲ್ಲ. ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸಿನದೆಂದು ಅಂದಾಜಿದ್ದ ಆ ಮರದ ಸುತ್ತಳತೆಯನ್ನು ವೈಟ್ 23 ಅಡಿ ಎಂದು ಬರೆದಿದ್ದ. ಸುಮಾರು ಇನ್ನೂರು ವರ್ಷಗಳಲ್ಲಿ ಅದು ಮೂರು ಅಡಿಯಷ್ಟು ಮಾತ್ರ ದಪ್ಪವಾಗಿತ್ತು. 1990ರ ಜನವರಿ 25ರ ಬಿರುಗಾಳಿಗೆ ಬುಡಮೇಲಾಯಿತು. ಊರಿನವರು ಕೊಂಬೆ ಕಡಿದು ಹಗುರ ಮಾಡಿ ಮತ್ತೆ ಅದೇ ಗುಂಡಿಯಲ್ಲಿ ನಿಲ್ಲಿಸಿದರು. ಬದುಕಲಿಲ್ಲ. ವೈಟನ ಪುಸ್ತಕ ಓದಿದವರಿಗೆ ಇದನ್ನು ಎಲ್ಲೋ ಕೇಳಿದ ಹಾಗಾಗುತ್ತದೆ. 1703ರ ಬಿರುಗಾಳಿಗೆ ಊರ ನಡುವಿನ ಪ್ಲೆಸ್ಟರ್ ಬಯಲಿನ ದೊಡ್ಡ ಓಕ್ ಬಿದ್ದಾಗಲೂ ಆಗಿನ ಪಾದ್ರಿ ಕೈಯಿಂದ ಹಣ ಹಾಕಿ ಅದನ್ನು ಎತ್ತಿ ನಿಲ್ಲಿಸಿದ್ದ. ಅದು ಸ್ವಲ್ಪ ದಿನ ಚಿಗುರಿ ಒಣಗಿತು. ಮುದುಕರು ಬೇಸಿಗೆಯ ಸಂಜೆ ಕೂತು ಮಾತಾಡುತ್ತಿದ್ದ, ಹುಡುಗರು ಸುತ್ತ ಆಡುತ್ತಿದ್ದ ಮರವದು. ನಮ್ಮ ಅರಳಿಕಟ್ಟೆಯ ಹಾಗೆ. 287 ವರ್ಷಗಳ ಅಂತರದಲ್ಲಿ ಒಂದೇ ಊರು ಎರಡು ಸಲ ಬಿದ್ದ ಮರವನ್ನು ಎತ್ತಿ ನಿಲ್ಲಿಸಲು ಹೊರಟಿತು. ಊರಿನ ಗುಣ ಎಂದರೆ ಇದೇ ಇರಬೇಕು.

ಹೋದದ್ದು ಮರವೊಂದೇ ಅಲ್ಲ. ವೈಟ್ ಹುಲ್ಲುಕಡ್ಡಿಯಿಂದ ಹೊರತೆಗೆಯುತ್ತಿದ್ದ ಫೀಲ್ಡ್ ಕ್ರಿಕೆಟ್ ಹುಳು 1980ರ ದಶಕದ ಕೊನೆಯ ಹೊತ್ತಿಗೆ ಇಡೀ ಬ್ರಿಟನ್ನಿನಲ್ಲಿ ಪಶ್ಚಿಮ ಸಸೆಕ್ಸ್‌ನ ಒಂದೇ ನೆಲೆಗೆ ಇಳಿದಿತ್ತು. ಆಮೇಲೆ ಅದನ್ನು ಸಾಕಿ ಬೇರೆ ಕಡೆಗಳಲ್ಲಿ ಬಿಡಬೇಕಾಯಿತು. ಸುಗ್ಗಿಯ ಇಲಿ ಅಪಾಯದ ಅಂಚಿಗೆ ಬಂದಿದೆಯೆಂದು 2020ರ ಬ್ರಿಟಿಷ್ ಸಸ್ತನಿಗಳ ಪಟ್ಟಿ ಹೇಳಿತು. 1990ರ ದಶಕದ ನಡುವಿನಿಂದೀಚೆಗೆ ಬ್ರಿಟನ್ನಿನ ಸ್ವಿಫ್ಟ್‌ಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದು, 2021ರಲ್ಲಿ ಆ ಹಕ್ಕಿ ಕೆಂಪು ಪಟ್ಟಿ ಸೇರಿತು. ಹಳೆಯ ಮನೆಗಳ ಸೂರಿನ ಸಂದುಗಳನ್ನು ಮುಚ್ಚಿದ್ದು, ಗಾಳಿಯಲ್ಲಿ ಹಾರುವ ಹುಳುಗಳು ಕಡಿಮೆಯಾದದ್ದು ಕಾರಣಗಳಲ್ಲಿ ಮುಖ್ಯವೆನ್ನುತ್ತಾರೆ. ಎಂಟು ಜೋಡಿ ಎಂದು ಒಬ್ಬ ಎಣಿಸಿದ್ದರಿಂದ ಸೆಲ್ಬೋರ್ನಿನವರು ತಮ್ಮ ಆಕಾಶ ನೋಡಿ ಇಂದಿನ ಸಂಖ್ಯೆಯನ್ನು ಹೋಲಿಸಬಲ್ಲರು. ಎಣಿಸದ ಊರುಗಳಲ್ಲಿ ‘ಮೊದಲು ತುಂಬಾ ಇದ್ದವು’ ಎನ್ನುವ ಅಜ್ಜನ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ. ಆ ಅಜ್ಜನೂ ಹೋದ ಮೇಲೆ ಏನು ಕಳೆದುಹೋಯಿತೆಂದು ಹೇಳುವವರೂ ಇಲ್ಲ.

ವೈಟನ ಕೊನೆಯ ವರ್ಷಗಳಲ್ಲಿ ಅವನ ಪುಸ್ತಕ ಓದಿ ಪತ್ರ ಬರೆದವರಲ್ಲಿ ನಾರ್ಫೋಕ್‌ನ ರಾಬರ್ಟ್ ಮಾರ್ಷಮ್ ಒಬ್ಬ. ಮೊದಲ ಚಿಗುರು, ಮೊದಲ ಹೂ, ಮೊದಲ ಕೋಗಿಲೆಯ ದನಿ ಎಂದು ಎಂಬುದನ್ನು ಆತ 1736ರಿಂದ ಬರೆಯುತ್ತಿದ್ದ. ಅವನ ಮನೆತನದವರು ಅದನ್ನು 1958ರವರೆಗೂ ಮುಂದುವರಿಸಿದರು. ಹವಾಮಾನ ಬದಲಾಗಿ ವಸಂತ ಬೇಗ ಬರುತ್ತಿದೆ ಎಂಬುದನ್ನು ಅಧ್ಯಯನ ಮಾಡುವವರಿಗೆ ಇಂದು ಆ ದಾಖಲೆ ಬಹಳ ಬೆಲೆಯುಳ್ಳದ್ದು.

ನಮ್ಮಲ್ಲೂ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ತಮ್ಮ ಹತ್ತಿರದ ಮಾವು, ಹಲಸು, ಹುಣಸೆ, ಕಕ್ಕೆ ಮರಗಳು ಚಿಗುರುವ, ಹೂ ಬಿಡುವ ಕಾಲವನ್ನು ಬರೆದಿಡುತ್ತಾರೆ. ಯಾವ ಯೋಜನೆಗೂ ಸೇರದೆ ಒಬ್ಬರೇ ಶುರು ಮಾಡಲೂ ಅಡ್ಡಿಯಿಲ್ಲ. ದುರ್ಬೀನು ಬೇಡ, ಪ್ರಯೋಗಾಲಯ ಬೇಡ, ಕಾಡಿಗೆ ಹೋಗಬೇಕಾಗಿಯೂ ಇಲ್ಲ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮನೆಯೆದುರಿನ ಒಂದೇ ಮರ ಆರಿಸಿಕೊಳ್ಳಿ, ಅಥವಾ ಶಾಲೆಯ ಸೂರಿನ ಗುಬ್ಬಚ್ಚಿ ಗೂಡುಗಳು, ಅಥವಾ ಊರ ಬಾವಿಯ ನೀರಿನ ಮಟ್ಟ. ವಾರಕ್ಕೊಮ್ಮೆ ನೋಡಿ, ಎಣಿಸಿ, ಬರೆಯಿರಿ. ಏನೂ ಬದಲಾಗದಿದ್ದರೆ ‘ಬದಲಾವಣೆಯಿಲ್ಲ’ ಎಂದು ಬರೆಯಿರಿ. ಅದೂ ಒಂದು ಲೆಕ್ಕವೇ. ಪರೀಕ್ಷೆಯ ವಾರದಲ್ಲಿ ಮಗ ಅಥವಾ ಮಗಳು ಮರೆತರೆ ಅಮ್ಮನೋ ಅಪ್ಪನೋ ಆ ಒಂದು ಸಾಲು ಬರೆದಿಡಬಹುದು.

ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.